ನಿಮಗೆ ಮಾತ್ರ ಸ್ವಲ್ಪ ಜಾಸ್ತಿ

೧

ಹೇಗೆ ಶುರು ಮಾಡಲಿ? "ಸೊಸೆ ಬೆಚ್ಚಿಬಿದ್ದಳು" ಎಂದು ಶುರು ಮಾಡಿದ್ದೆ. ಚೆನ್ನಾಗಿಯೇ ಇತ್ತು. ಆದರೆ ಯಾವ ಸೊಸೆ, ಯಾರ ಸೊಸೆ, ಯಾಕೆ ಬೆಚ್ಚಿದಳು ಎಂದು ವಿವರಿಸುವಷ್ಟರಲ್ಲಿ ಅವಳು ಸುಧಾರಿಸಿಕೊಂಡು ಒಂದು ಲೋಟ ನೀರು ಕುಡಿದು ಕೂತುಬಿಡುತ್ತಾಳೆ. ಹೊಡೆದುಹಾಕಿದೆ.

ಎರಡನೆಯ ಸಲ "ಒಂದಾನೊಂದು ಕಾಲದಲ್ಲಿ ಐದು ಕವರುಗಳಿದ್ದವು" ಎಂದು ಬರೆದೆ. ನನ್ನ ಹೆಂಡತಿ ಹಿಂದಿನಿಂದ ಬಗ್ಗಿ ಓದಿ, "ಮಕ್ಕಳ ಕಥೆಯಾ?" ಎಂದಳು. "ಅಲ್ಲ, ಪೇರೋಲ್ ಕಥೆ. ಒಂದು ಸಣ್ಣ ಕಾರ್ಖಾನೆಯಲ್ಲಿ ಸಂಬಳಕ್ಕೆ ಸಾಫ್ಟ್‌ವೇರ್ ಹಾಕಿಸ್ತಾರೆ" ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿ ಒಳಗೆ ಹೋದಳು.

(ಅವಳ ತಪ್ಪಿಲ್ಲ. ಹದಿನೆಂಟು ವರ್ಷದಿಂದ ಕಥೆ ಬರೆದು ಒಂದು ತಿಂಗಳ ಸಂಬಳವನ್ನೂ ಕಾಣದ ಮನುಷ್ಯ ಸಂಬಳದ ಬಗ್ಗೆ ಬರೆಯಲು ಕೂತರೆ ಯಾರಿಗಾದರೂ ಜ್ವರದ ಅನುಮಾನ ಬರಬೇಕಾದ್ದೇ.)

ಇರಲಿ. ಓದುಗರೇ, ಸ್ವಲ್ಪ ಹತ್ತಿರ ಬನ್ನಿ, ಗೋಡೆಗೂ ಕಿವಿ ಇರುತ್ತದೆ. ಈ ಕಥೆಗೆ ನನ್ನ ಹತ್ತಿರ ಒಂದು ಬಹಳ ಒಳ್ಳೆಯ ಕೊನೆ ಇದೆ. ಉಳಿದ ಓದುಗರಿಗೆ ಸಾಧಾರಣವಾದದ್ದೊಂದನ್ನು ಕೊಟ್ಟು ಸಾಗಹಾಕುತ್ತೇನೆ. ಒಳ್ಳೆಯದನ್ನು ನಿಮಗೆ ಮಾತ್ರ ತೆಗೆದಿಟ್ಟಿದ್ದೇನೆ. ಯಾರಿಗೂ ಹೇಳಬೇಡಿ. ಓದುವಾಗ ಮುಖದಲ್ಲೂ ತೋರಿಸಿಕೊಳ್ಳಬೇಡಿ.

೨

ಅದು ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ಅದಕ್ಕೇ ನಾಚಿಕೆಯಾದೀತು. ಒಂದು ಉದ್ದನೆಯ ಕೋಣೆ, ಮುಂದೆ ಮುಕ್ಕಾಲು ಮಾತ್ರ ಏಳುವ ಷಟರ್, ಒಂದು ಕಟಿಂಗ್ ಮಷಿನ್, ಒಂದು ಪಂಚಿಂಗ್ ಮಷಿನ್, ತಗಡು ಹೊದಿಸಿದ ಅಂಟಿನ ಮೇಜು. ಹಿಂದಿನ ಪರದೆ ಸರಿಸಿದರೆ ಮನೆ. ಮಾಡುವುದು ಹೆಚ್ಚಾಗಿ ಷೂ ಡಬ್ಬಿ. ನೀವು ಹೊಸ ಷೂ ತಂದು, ಷೂ ಇಟ್ಟುಕೊಂಡು ಎಸೆಯುತ್ತೀರಲ್ಲ, ಅದು.

("ರಟ್ಟಿನ ಕಾರ್ಖಾನೆಯಲ್ಲಿ ಗುಟ್ಟು ರಟ್ಟಾಯಿತು" ಎಂಬ ಸಾಲನ್ನು ಬರೆಯುವುದಿಲ್ಲ ಎಂದು ಪ್ರಮಾಣ ಮಾಡಿದ್ದೆ. ಬರೆದಾಯಿತು. ಮುಂದಕ್ಕೆ ಹೋಗೋಣ.)

ಕೆಲಸಕ್ಕೆ ನಾಲ್ಕು ಜನ. ರಟ್ಟು ಕತ್ತರಿಸುವ ಮೇಸ್ತ್ರಿ ಇಪ್ಪತ್ತನಾಲ್ಕು ವರ್ಷದಿಂದ ಇದ್ದಾನೆ. ಅಂಟು ಬಳಿಯುವ ಅಂಟಿನಕ್ಕ ಹತ್ತೊಂಬತ್ತು ವರ್ಷದಿಂದ. ಪಂಚಿಂಗ್ ಮಷಿನ್ನಿನ ಮುಂದೆ ಮಾತಿಲ್ಲದೆ ನಿಲ್ಲುವ ಪಂಚಿಂಗಣ್ಣ ಹನ್ನೊಂದು ವರ್ಷದಿಂದ. ಡಬ್ಬಿಗಳನ್ನು ಇಪ್ಪತ್ತೈದರಂತೆ ಎಣಿಸಿ ದಾರ ಕಟ್ಟುವ ಹೆಂಗಸಿಗೆ ಹದಿನಾಲ್ಕು ತಿಂಗಳಾದರೂ ಹೊಸಬಳು ಎಂದೇ ಹೆಸರು. ಆರ್ಡರ್ ಜೋರಾದಾಗ ನಾಲ್ವರೂ ಅಂಟಿನ ಮೇಜಿಗೆ ಬಂದು ಬ್ರಶ್ ಹಿಡಿಯುತ್ತಾರೆ. ಒಟ್ಟು ಏಳು ಬ್ರಶ್. ಸಾಯಂಕಾಲ ಅವನ್ನು ತೊಳೆಯದೆ ಬಿಟ್ಟರೆ ಬೆಳಗ್ಗೆಗೆ ಕಲ್ಲು. ಆ ಗಬ್ಬು ಕೆಲಸವನ್ನು ಅಂಟಿನಕ್ಕ ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಮೆಟ್ಟಿಲಿನ ಕೆಳಗಿನ ಸಂದಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಆರ್ಡರ್, ಬಿಲ್ಲು, ಫೋನು ನೋಡುವವಳು ಸೊಸೆ. ಒಂಬತ್ತು ವರ್ಷವಾಯಿತು. (ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಡಬ್ಬಿಯ ತಳ ಯಾವುದು, ಮುಚ್ಚಳ ಯಾವುದು ಎಂದು ತಿಳಿಯದ ಸಾಧು. ಅವನು ಈ ಕಥೆಗೆ ಬರುವುದಿಲ್ಲ.) ಯಜಮಾನರು ಅವಳ ಮಾವ.

ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಮಾವ ಪರದೆಯ ಹಿಂದೆ ಕೂರುತ್ತಿದ್ದರು. ಒಬ್ಬೊಬ್ಬರನ್ನೇ ಕರೆದು, ಅಂಟಿಸಿದ ಕವರನ್ನು ಕೈಗಿಟ್ಟು, ಕಿವಿಯ ಹತ್ತಿರ ಏನೋ ಒಂದು ಮಾತು ಹೇಳಿ, ಮನೆಗೆ ಹೋಗಿ ಬಿಚ್ಚಲು ಹೇಳಿ ಕಳಿಸುತ್ತಿದ್ದರು. ಕೊನೆಯ ಕವರು ಸೊಸೆಗೆ. ಯಾರೂ ಯಾರನ್ನೂ ಎಷ್ಟು ಎಂದು ಕೇಳಿದ್ದಿಲ್ಲ. ಹೆಂಗಸಿನ ವಯಸ್ಸು, ಗಂಡಸಿನ ಸಂಬಳ ಕೇಳಬಾರದು ಎನ್ನುತ್ತಾರೆ. ಇಲ್ಲಿ ಹೆಂಗಸಿನ ಸಂಬಳವನ್ನೂ ಕೇಳುತ್ತಿರಲಿಲ್ಲ.

ಈ ವರ್ಷ ಎರಡು ಸಂಗತಿ ಒಟ್ಟಿಗೆ ಆದವು. ಮಾವನ ಕಣ್ಣು ಮಂಜಾಯಿತು. ಷೂ ಕಂಪನಿಯಿಂದ ಕಾಗದ ಬಂತು: ಈ ತಿಂಗಳಿಂದ ಕೆಲಸಗಾರರಿಗೆ ಸರಿಯಾದ ಪೇ ಸ್ಲಿಪ್ ಕೊಡದ ಕಡೆ ನಾವು ಡಬ್ಬಿ ಕೊಳ್ಳುವುದಿಲ್ಲ. ಎದುರುಗಡೆಯೇ ದೊಡ್ಡ ಡಬ್ಬಿ ಕಾರ್ಖಾನೆ ಇದೆ. ಅಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸೈರನ್ ಆಗುತ್ತದೆ, ಸ್ಲಿಪ್ಪೂ ಕೊಡುತ್ತಾರೆ. ಸೊಸೆ ಅವತ್ತೇ ಸಾಫ್ಟ್‌ವೇರ್ ತರಿಸಿದಳು.

೩ (ಕೈಬಿಟ್ಟ ಕರಡು)

ಇಲ್ಲಿ ನನ್ನದೊಂದು ಪ್ಲಾನ್ ಇತ್ತು. ಜನ ಐದು, ಆದರೆ ಮಾವ ಪ್ರತಿ ತಿಂಗಳೂ ಆರು ಕವರ್ ಅಂಟಿಸುತ್ತಿದ್ದರು. ಆರನೆಯದು ಯಾರಿಗೆ? ಸೊಸೆ ಬೆನ್ನುಹತ್ತಿ ಹೋಗುತ್ತಾಳೆ. ಊರಾಚೆ ಒಂದು ಮನೆ. ಬಾಗಿಲು ತೆಗೆದವಳ ಮೂಗು ಥೇಟ್ ತನ್ನ ಗಂಡನ ಮೂಗು!

ಎರಡು ಪುಟ ಬರೆದಿದ್ದೆ. ಸೊಸೆ ಓದಿ ನನ್ನ ಪೆನ್ನು ಕಿತ್ತುಕೊಂಡಳು.

"ನಮ್ಮ ಮಾವನಿಗೆ ಎರಡನೇ ಸಂಸಾರಾನಾ? ಒಂದು ಸಂಸಾರದಲ್ಲೇ ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಅವರಿಗೆ ನೆನಪಿರಲ್ಲ."

"ಕಥೆಗೆ ಒಂದು ಶಾಕ್ ಬೇಕಲ್ಲಮ್ಮ."

"ಶಾಕ್ ತಾನೆ? ಸ್ವಲ್ಪ ತಾಳಿ. ನಾನೀಗ ಒಬ್ಬೊಬ್ಬರನ್ನೇ ಕರೆದು ಸಂಬಳ ಕೇಳ್ತೀನಿ. ನೀವು ಸುಮ್ನೆ ಬರ್ಕೊಳ್ಳಿ." ಹೋಗುವವಳು ತಿರುಗಿ ನಿಂತಳು. "ಅಂದಹಾಗೆ, ಈ ಕಥೆಗೆ ನಾಯಕಿ ನಾನೇ ತಾನೆ?"

"ನೀವೇ. ಬೇರೆ ಯಾರಿಗೂ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ" ಎಂದೆ.

೩ (ಮತ್ತೆ)

ಸಾಫ್ಟ್‌ವೇರಿನಲ್ಲಿ ಐದು ಸಾಲು. ಪ್ರತಿ ಸಾಲಿಗೂ ಕೆಲಸಕ್ಕೆ ಸೇರಿದ ದಿನ, ಬ್ಯಾಂಕ್ ಖಾತೆ, ತಿಂಗಳ ಸಂಬಳ. ಮೂರನೆಯ ಕಾಲಂ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ.

"ಮಾವ, ಯಾರಿಗೆ ಎಷ್ಟೆಷ್ಟು ಕೊಡ್ತಿದ್ರಿ? ಹೇಳಿ, ತುಂಬಿಸ್ತೀನಿ."

"ಅವರವರದು ಅವರವರಿಗೆ ಗೊತ್ತಲ್ಲಮ್ಮ. ಅವರನ್ನೇ ಕೇಳು. ಒಬ್ಬೊಬ್ಬರನ್ನೇ ಕರೆದು ಕೇಳು, ಗುಂಪಲ್ಲಿ ಬೇಡ."

"ಎಲ್ಲೂ ಬರೆದಿಟ್ಟಿಲ್ವಾ?"

"ಬರೆದಿಟ್ರೆ ಯಾರಾದ್ರೂ ಓದ್ತಾರೆ."

ಮುದುಕರ ತಮಾಷೆ ಎಂದುಕೊಂಡು ಅವಳು ನಕ್ಕಳು. ಸಂಬಳಕ್ಕೆಂದು ಬ್ಯಾಂಕಿನಿಂದ ತರುವ ಒಟ್ಟು ಮೊತ್ತ ಅವಳಿಗೆ ಗೊತ್ತಿತ್ತು. ಅದನ್ನು ಐದರಿಂದ ಭಾಗಿಸಿ ನೋಡಬೇಕೆಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಯಾಕೆ ಹೊಳೆಯಬೇಕು? ಎಲ್ಲರಿಗಿಂತ ತನಗೇ ಜಾಸ್ತಿ ಎಂದು ಗೊತ್ತಿರುವವರು ಭಾಗಾಕಾರ ಮಾಡುವುದಿಲ್ಲ.

೪

ಮೊದಲು ಮೇಸ್ತ್ರಿ ಬಂದ. ಹಿಂದೆ ತಿರುಗಿ ನೋಡಿ, ಸಂದಿನ ಬಾಗಿಲು ಎಳೆದುಕೊಂಡು, ಸೊಂಟದ ಪಟ್ಟಿ ಸರಿಮಾಡಿಕೊಂಡು ಬಗ್ಗಿದ.

"ಮೇಡಂ, ಇದು ಹೊರಗೆ ಹೋಗಬಾರದು."

"ಹೋಗಲ್ಲ, ಹೇಳಿ."

ಹೇಳಿದ. ಐದಂಕಿಯ ಒಂದು ಸಂಖ್ಯೆ. "ಉಳಿದವರಿಗಿಂತ ಐನೂರು ಜಾಸ್ತಿ. 'ನಿನಗೆ ಮಾತ್ರ ಸ್ವಲ್ಪ ಜಾಸ್ತಿ ಹಾಕಿದ್ದೀನಿ, ಯಾರಿಗೂ ಹೇಳ್ಬೇಡ' ಅಂತ ಯಜಮಾನ್ರು ಪ್ರತಿ ತಿಂಗಳು ಹೇಳ್ತಾರೆ. ನನ್ನ ಹೆಂಡತಿಗೂ ಹೇಳಿಲ್ಲ ನಾನು."

ಸೊಸೆಯ ಬೆರಳು ಕೀಲಿಯ ಮೇಲೇ ನಿಂತಿತು. ಆ ಮಾತನ್ನು, ಅದೇ ಪದಗಳಲ್ಲಿ, ಮಾವ ತನಗೂ ಹೇಳುತ್ತಾರೆ. ಸಂಖ್ಯೆಯೂ ಪರಿಚಯದ್ದೇ. ಇರಲಿ, ಮೇಸ್ತ್ರಿ ಹಳಬ, ತನ್ನಷ್ಟೇ ಕೊಡುತ್ತಿರಬಹುದು ಎಂದು ಟೈಪ್ ಮಾಡಿದಳು.

ಅಂಟಿನಕ್ಕ ಬಾಯಿಬಿಟ್ಟು ಹೇಳಲೇ ಇಲ್ಲ. ಪೆನ್ನು ಇಸಿದುಕೊಂಡು, ಒಣಗಿದ ಅಂಟಿನ ಪೊರೆ ಕಟ್ಟಿದ ಅಂಗೈಯಲ್ಲಿ ಬರೆದು ತೋರಿಸಿದಳು. ಸೊಸೆ ಅಂಗೈ ನೋಡಿದಳು, ಕಂಪ್ಯೂಟರಿನ ಪರದೆ ನೋಡಿದಳು, ಮತ್ತೆ ಅಂಗೈ ನೋಡಿದಳು.

"ಜಾಸ್ತಿ ಬೇಡ ಅಂದೆ ತಾಯಿ, ಕೇಳ್ಲಿಲ್ಲ ಅವರು. ಎದುರಿನ ಕಾರ್ಖಾನೆಯವರು ಮೂರು ಸಲ ಕರೆದ್ರು. ನನ್ನೊಬ್ಬಳನ್ನ ಇಷ್ಟು ಇಟ್ಟುಕೊಂಡಿರೋರನ್ನ ಬಿಟ್ಟು ಹೇಗೆ ಹೋಗ್ಲಿ?"

ಪಂಚಿಂಗಣ್ಣ ನೆಲ ನೋಡಿಕೊಂಡು ಸಂಖ್ಯೆ ಹೇಳಿ, ನೆಲ ನೋಡಿಕೊಂಡೇ ಹೋದ. ಸೊಸೆ ಬಾಗಿಲು ಹಾಕಿಕೊಂಡು ಸಾಫ್ಟ್‌ವೇರಿನ ಸಹಾಯವಾಣಿಗೆ ಫೋನ್ ಮಾಡಿದಳು.

"ಎಲ್ಲ ಸಾಲಿನಲ್ಲೂ ಒಂದೇ ನಂಬರ್ ಬರ್ತಿದೆ. ಏನೋ ತಪ್ಪಾಗಿದೆ ನಿಮ್ಮದರಲ್ಲಿ."

"ಮೇಡಂ," ಎಂದಿತು ಆ ಕಡೆಯ ತಾಳ್ಮೆಯ ಧ್ವನಿ, "ನೀವು ಟೈಪ್ ಮಾಡಿದ್ದನ್ನೇ ಅದು ತೋರಿಸೋದು."

ಹೊಸಬಳು ಒಳಗೆ ಬರುವಾಗಲೇ ಕಣ್ಣು ತುಂಬಿಕೊಂಡಿದ್ದಳು. "ಅಕ್ಕ, ಕಡಿಮೆ ಮಾಡ್ತೀರಾ? ಮಾಡಿದ್ರೂ ಸರಿಯೇ. ನಿನ್ನೆ ಮೊನ್ನೆ ಬಂದೋಳು ನಾನು, ಅಷ್ಟು ವರ್ಷದಿಂದ ಇರೋರಿಗಿಂತ ಜಾಸ್ತಿ ತಗೊಳ್ಳೋದು ತಪ್ಪು ಅಂತ ನನಗೇ ಗೊತ್ತು" ಎಂದು ಅದೇ ಸಂಖ್ಯೆ ಹೇಳಿದಳು.

ಐದನೆಯ ಸಾಲು ಸೊಸೆಯದೇ.

(ಈಗ ನನಗೆ ಕಷ್ಟ. ಬೆಚ್ಚಿದಳು, ಬೆಪ್ಪಾದಳು, ದಂಗಾದಳು, ಹೌಹಾರಿದಳು. ಇರುವುದೇ ಇಷ್ಟು. ಇಲ್ಲೇ ಎಲ್ಲ ಖರ್ಚು ಮಾಡಿದರೆ ಮುಂದೆ ಇನ್ನೂ ಎರಡು ಆಘಾತಗಳಿವೆ, ಅವಕ್ಕೆ ಯಾರ ಹತ್ತಿರ ಸಾಲ ಮಾಡಲಿ? "ಕಾಲಡಿಯ ನೆಲ ಕುಸಿಯಿತು" ಎನ್ನೋಣವೆಂದರೆ ಅದು ಸಿಮೆಂಟಿನ ನೆಲ, ಏನೂ ಆಗಿರಲಿಲ್ಲ.)

ಅವಳು ತನ್ನ ಸಾಲಿನಲ್ಲೂ ಅದೇ ಐದಂಕಿ ಒತ್ತಿದಳು. ದುಡ್ಡು ಹೋದದ್ದಲ್ಲ, ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಆದರೂ ಯಾರೋ ಜೇಬಿಗೆ ಕೈಹಾಕಿದಂತಾಯಿತು. ಪ್ರಿಂಟ್ ಕೊಟ್ಟಳು. ಹಾಳೆ ಬಂತು. ಐದು ಸಾಲು, ಐದು ಒಂದೇ ಸಂಖ್ಯೆ. ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಗಡಿಯಾರ ನೋಡಿ, ಹಾಳೆ ಪಕ್ಕಕ್ಕಿಟ್ಟು, ಪರದೆಯ ಹಿಂದೆ ಹೋದಳು.

೫

ಮಾವನ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಬೇಕು. ಮೂರು ಗಂಟೆಯದರ ಹೊತ್ತು. ಅವರು ತಲೆ ಹಿಂದಕ್ಕೆ ಒರಗಿಸಿ, ಕಣ್ಣಗಲಿಸಿ ಕೂತರು. ಆ ಭಂಗಿಯಲ್ಲಿರುವ ಮನುಷ್ಯರೊಡನೆ ಜಗಳವಾಡುವುದು ಕಷ್ಟ.

"ಮಾವ, ಎಲ್ಲರಿಗೂ ಒಂದೇ."

"ಹ್ಞೂಂ."

"ಎಲ್ಲರಿಗೂ 'ನಿನಗೆ ಮಾತ್ರ' ಅಂದಿದ್ದೀರಿ."

"ಹ್ಞೂಂ. ಬಲಗಣ್ಣಿಗೆ ಇನ್ನೂ ಬಿದ್ದಿಲ್ಲಮ್ಮ."

"ಯಾಕೆ ಮಾವ?"

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಮೊದಲು ಮೇಸ್ತ್ರಿ ಬಿಟ್ಟುಹೋಗ್ತೀನಿ ಅಂದ. ಅವನಿಗೆ ಐನೂರು ಜಾಸ್ತಿ ಹಾಕಿದೆ. ಆಮೇಲೆ ಅಂಟಿನವಳು ಬಂದ್ಲು, ಕಡಿಮೆ ಹಾಕಿ ಅವಳ ಮುಖ ನೋಡೋಕಾಗ್ಲಿಲ್ಲ. ಅವಳಿಗೂ ಹಾಕಿ, ಯಾರಿಗೂ ಹೇಳ್ಬೇಡ ಅಂದೆ. ಹಾಗೇ ಬೆಳೀತು. ಒಬ್ಬರಿಗೆ ಜಾಸ್ತಿ ಹಾಕ್ಬೇಕು ಅಂದ್ರೆ ಇನ್ನೊಬ್ಬರಿಗೆ ಕಡಿಮೆ ಹಾಕ್ಬೇಕು. ಯಾರಿಗೆ ಹಾಕ್ಲಿ? ನೀನೇ ಹೇಳು ನೋಡೋಣ."

"ನನಗೂ ಯಾಕೆ ಹಾಗಂದ್ರಿ?"

"ನೀನೂ ಕೆಲಸ ಮಾಡ್ತೀಯಲ್ಲಮ್ಮ."

ಮನೆಮಗಳೆಂದು ಜಾಸ್ತಿ ಕೊಡುತ್ತಾರೆ ಎಂದು ಒಂಬತ್ತು ವರ್ಷ ನಂಬಿದವಳಿಗೆ ಇದು ಗೌರವವೋ ಅವಮಾನವೋ ತಿಳಿಯಲಿಲ್ಲ. (ನನಗೂ ತಿಳಿದಿಲ್ಲ. ನಿಮಗೆ ತಿಳಿದರೆ ಮಾರ್ಜಿನ್ನಿನಲ್ಲಿ ಬರೆದುಕೊಳ್ಳಿ.)

"ಸ್ಲಿಪ್ ಅವರವರದು ಅವರವರ ಕೈಗೆ ಕೊಡು," ಎಂದರು ಮಾವ. "ಯಾರಿಗೂ ಗೊತ್ತಾಗಲ್ಲ. ನಡೆದಷ್ಟು ದಿನ ನಡೀಲಿ."

ಅವಳು ತಲೆಯಾಡಿಸಿದಳು. ಬೇಡ ಎನ್ನಬೇಕು ಎಂದುಕೊಂಡಿದ್ದ ತಲೆ ಹೌದು ಎಂದು ಆಡಿತು. ಅವತ್ತು ಅವಳನ್ನು ಹೆಚ್ಚು ಬೆಚ್ಚಿಸಿದ್ದು ಇದೇ.

೬

ಈ ಕಾರ್ಖಾನೆಯಲ್ಲಿ ಕಾಗದ ಎಸೆಯುವಂತಿಲ್ಲ. ಅದು ಮಾವ ಹಾಕಿದ ಕಟ್ಟುಪಾಡು. ಒಂದು ಬದಿ ಬರೆದ ಹಾಳೆಯೆಲ್ಲ ಮೆಟ್ಟಿಲ ಪಕ್ಕದ ಟ್ರೇಗೆ ಹೋಗಬೇಕು, ಖಾಲಿ ಬದಿ ಮೇಲೆ ಮಾಡಿ. ಅಂಟಿನಕ್ಕ ಅಲ್ಲಿಂದ ಎತ್ತಿಕೊಂಡು ಅಂಟಿನ ಪಾತ್ರೆಯ ಕೆಳಗೆ ಹಾಸಿಕೊಳ್ಳುತ್ತಾಳೆ. ಒಂದು ಬದಿ ಒದ್ದೆಯಾದಾಗ ಮಗುಚಿ ಹಾಕುತ್ತಾಳೆ.

ಸೊಸೆ ಆ ಹಾಳೆಯನ್ನು "ಪಕ್ಕಕ್ಕಿಟ್ಟಳು" ಎಂದು ಬರೆದೆನಲ್ಲ, ಆ ಪಕ್ಕ ಎಂದರೆ ಈ ಟ್ರೇ. ಖಾಲಿ ಬದಿ ಮೇಲೆ ಮಾಡಿ ಇಟ್ಟಿದ್ದಳು. ಬೇಕೆಂದು ಮಾಡಿದ್ದಲ್ಲ. ಒಂಬತ್ತು ವರ್ಷದ ರೂಢಿ, ಕೈ ತಾನಾಗಿ ಮಾಡಿತ್ತು.

ಮೂರೂಕಾಲಿಗೆ ಪರದೆಯ ಆಚೆ ಒಂದು ಸದ್ದು ನಿಂತಿತು. ಅಂಟಿನ ಬ್ರಶ್ ರಟ್ಟಿನ ಮೇಲೆ ಸರ್ ಸರ್ ಎನ್ನುವ ಸದ್ದು ಆ ಮನೆಯಲ್ಲಿ ಗಡಿಯಾರದ ಸದ್ದಿನಂತೆ, ಇರುವಾಗ ಕೇಳುವುದಿಲ್ಲ. ನಿಂತದ್ದು ಸೊಸೆಗೆ ಕೇಳಿಸಿತು. ಡ್ರಾಪ್ಸ್ ಶೀಶೆ ಹಿಡಿದುಕೊಂಡೇ ಓಡಿ ಬಂದು ನೋಡಿದಳು. ಟ್ರೇ ಖಾಲಿ.

ಅಂಟಿನಕ್ಕ ಹಾಳೆಯ ಮುಂದೆ ಕೂತಿದ್ದಳು. ಮೇಸ್ತ್ರಿ ಅವಳ ಹೆಗಲ ಮೇಲಿಂದ ಓದುತ್ತಿದ್ದ. ಹೊಸಬಳ ಕೈಯಲ್ಲಿದ್ದ ದಾರದ ಉಂಡೆ ಬಿದ್ದು ಉರುಳಿ ಮಷಿನ್ನಿನ ಕೆಳಗೆ ಹೋಯಿತು, ಯಾರೂ ಹೆಕ್ಕಲಿಲ್ಲ. ಪಂಚಿಂಗಣ್ಣ ಮಷಿನ್ ಆಫ್ ಮಾಡಿದ.

೭

ಅಂಟಿನಕ್ಕ ಕೂಗಾಡಲಿಲ್ಲ. ಎದ್ದು ಪರದೆ ಸರಿಸಿ ಹೋಗಿ ಅಂಟು ಮೆತ್ತಿದ ಹಾಳೆಯನ್ನು ಯಜಮಾನರ ತೊಡೆಯ ಮೇಲಿಟ್ಟಳು. ಉಳಿದವರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

"ಯಜಮಾನ್ರೇ, ಹತ್ತೊಂಬತ್ತು ವರ್ಷ ಎಲ್ಲರ ಬ್ರಶ್ಶೂ ನಾನೇ ತೊಳೆದೆ. ಯಾಕೆ ಗೊತ್ತಾ?"

ಮಾವ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

"ಇವರಿಗಿಂತ ಜಾಸ್ತಿ ತಗೋತೀನಲ್ಲ, ಅಷ್ಟಾದ್ರೂ ಮಾಡ್ಬೇಕು ಅಂತ. ಮಧ್ಯಾಹ್ನ ಇವರ ಜೊತೆ ಊಟಕ್ಕೆ ಕೂತ್ರೆ ತಲೆ ಎತ್ತೋಕಾಗ್ತಿರ್ಲಿಲ್ಲ ನನಗೆ. ಕದ್ದು ತಿಂದ ಹಾಗೆ ಇರ್ತಿತ್ತು."

ಮೇಸ್ತ್ರಿಯ ಕೈ ತಾನಾಗಿ ಸೊಂಟದ ಪಟ್ಟಿಗೆ ಹೋಯಿತು. "ಹಂಗಾದ್ರೆ ರಟ್ಟಿನ ಬಂಡಲ್ಲು... ಲಾರಿ ಬಂದಾಗೆಲ್ಲ ಯಾರನ್ನೂ ಮುಟ್ಟೋಕೆ ಬಿಡದೆ ನಾನೊಬ್ಬನೇ ಇಳಿಸ್ತಿದ್ದದ್ದು? ಸೊಂಟ ಹೋಯ್ತಲ್ಲ ನಂದು!"

"ನಾನು ಅರ್ಧ ಗಂಟೆ ಮುಂಚೆ ಬಂದು ನೀರಿನ ಡ್ರಮ್ ತುಂಬಿಸ್ತಿದ್ದೆ" ಎಂದ ಪಂಚಿಂಗಣ್ಣ. ಹನ್ನೊಂದು ವರ್ಷದಲ್ಲಿ ಅದು ಅವನ ಅತಿ ಉದ್ದದ ವಾಕ್ಯ.

"ಶನಿವಾರ ಕಕ್ಕಸು..." ಎಂದ ಹೊಸಬಳು ಬಾಯಿಗೆ ಕೈ ಅಡ್ಡ ಹಿಡಿದಳು.

ಸೊಸೆಗೆ ತಾನು ದಿನಾ ನಾಲ್ಕು ಗಂಟೆಗೆ ಎಲ್ಲರಿಗೂ ಮಾಡುವ ಟೀ ನೆನಪಾಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ. ಯಾಕೆ ಮಾಡುತ್ತಿದ್ದೆ ಎಂದು ಅವಳು ಎಂದೂ ಕೇಳಿಕೊಂಡಿರಲಿಲ್ಲ. ಈಗ ಉತ್ತರ ಎದುರಿಗೇ ಸಾಲಾಗಿ ನಿಂತಿತ್ತು.

"ಐದು ಬೆರಳೂ ಒಂದೇ ಸಮ ಇರುತ್ತಾ ಯಜಮಾನ್ರೇ?" ಮೇಸ್ತ್ರಿಯ ದನಿ ಏರಿತು. "ಇಪ್ಪತ್ನಾಲ್ಕು ವರ್ಷ ನಾನು! ಹದಿನಾಲ್ಕು ತಿಂಗಳು ಇವಳು!"

ಮಾವ ಬಲಗೈ ಎತ್ತಿ, ಬೆರಳುಗಳನ್ನು ಒಟ್ಟು ಮಾಡಿ ಬಾಯಿಯ ಹತ್ತಿರ ಹಿಡಿದರು. "ತುತ್ತು ಎತ್ತುವಾಗ ಸಮ ಆಗ್ತವಲ್ಲಪ್ಪ."

"ಮಾತು ಚೆನ್ನಾಗಿದೆ" ಎಂದಳು ಅಂಟಿನಕ್ಕ. "ಇದನ್ನೇ ಆವತ್ತೇ ಹೇಳಿದ್ರೆ ಬ್ರಶ್ಶನ್ನ ಸರದಿ ಮೇಲೆ ತೊಳೀಬಹುದಿತ್ತು."

ಅವಳು ಹೊರಬಂದು ಚೀಲ ಎತ್ತಿಕೊಂಡಳು. ಎದುರಿನ ಕಾರ್ಖಾನೆಯವರು ಮೂರನೆಯ ಸಲ ಕರೆದಿದ್ದರು, ನಾಳೆ ಒಂಬತ್ತಕ್ಕೆ ಬರಲು ಹೇಳಿದ್ದರು. ಬರುವುದಿಲ್ಲ ಎಂದು ಹೇಳಲು ಅವಳು ಅವತ್ತು ಬೆಳಗ್ಗೆಯಷ್ಟೇ ಫೋನ್ ಎತ್ತಿಕೊಂಡಿದ್ದಳಂತೆ, ಲೈನ್ ಸಿಕ್ಕಿರಲಿಲ್ಲ. ಸೊಸೆ ಷಟರಿನವರೆಗೂ ಹಿಂದೆ ಹೋದಳು. ತಿಂಗಳ ಕೊನೆಗೆ ಮೂರು ಸಾವಿರ ಡಬ್ಬಿ ಹೋಗಬೇಕು. ಅಂಟಿನಕ್ಕ ಇಲ್ಲದೆ ಮುನ್ನೂರೂ ಆಗುವುದಿಲ್ಲ. ಆದರೆ ಸೊಸೆ ಹಿಂದೆ ಹೋದದ್ದು ಡಬ್ಬಿಯ ಲೆಕ್ಕಕ್ಕಲ್ಲ.

"ಅಕ್ಕ, ಹೋಗ್ಬೇಡಿ."

"ನಿನಗೂ ಅಷ್ಟೇನಾ ತಾಯಿ?"

"ನನಗೂ ಅಷ್ಟೇ."

"ನೀನೂ ನಂಬಿದ್ಯಾ?"

"ನಂಬಿದ್ದೆ."

ಅಂಟಿನಕ್ಕ ಬೆರಳಿನ ಅಂಟಿನ ಪೊರೆ ಸುಲಿದು ರಸ್ತೆಗೆ ಹಾಕಿ, ಹೋದಳು. ಉಳಿದವರೂ ಐದಕ್ಕೆ ಸರಿಯಾಗಿ ಹೊರಟರು. ಟೀ ಆಗಿರಲಿಲ್ಲ. ಮೇಜಿನ ಮೇಲೆ ಏಳು ಬ್ರಶ್ ಅಂಟಿನಲ್ಲಿ ಮುಳುಗಿ ಬಿದ್ದಿದ್ದವು.

೮ (ಇದನ್ನು ಬರೆಯುವ ಇರಾದೆ ನನಗಿರಲಿಲ್ಲ)

ಇಲ್ಲಿಗೆ ನಿಲ್ಲಿಸಿ ನಾನೂ ಟೀ ಕುಡಿಯಲು ಎದ್ದೆ. ಬಂದು ನೋಡಿದರೆ ಅವರೆಲ್ಲ ನನ್ನ ಮೇಜಿನ ಸುತ್ತ ನಿಂತಿದ್ದಾರೆ. ಅಂಟಿನಕ್ಕನ ಕೈಯಲ್ಲಿ ನನ್ನ ಕರಡು.

"ಇಲ್ಲಿ ಈಕೆಗೆ 'ನಾಯಕಿ ನೀವೇ, ಯಾರಿಗೂ ಹೇಳ್ಬೇಡಿ' ಅಂದಿದ್ದೀರಿ."

"ಅದು ಏನಾಯ್ತು ಅಂದ್ರೆ..."

"ನನಗೂ ಅದನ್ನೇ ಅಂದಿದ್ರಿ."

"ನನಗೂ" ಎಂದ ಮೇಸ್ತ್ರಿ. ಪಂಚಿಂಗಣ್ಣ ನೆಲ ನೋಡಿದ. ಹೊಸಬಳಿಗೂ ಅಂದಿದ್ದೆ.

"ಮೊದಲನೇ ಪುಟದಲ್ಲಿ ಓದೋರ ಕಿವಿಯಲ್ಲೂ ಏನೋ ಊದಿದ್ದೀರಿ. ಅದು ಎಷ್ಟು ಜನಕ್ಕೆ?"

ನಾನು ದಂಗಾದೆ. (ಉಳಿಸಿಟ್ಟ ಪದ ಕೊನೆಗೆ ನನಗೇ ಉಪಯೋಗಕ್ಕೆ ಬಂತು.) ಓದುಗರೇ, ಏನು ಹೇಳಲಿ? ಎಷ್ಟು ಪ್ರತಿ ಅಚ್ಚಾದರೆ ಅಷ್ಟು ಜನಕ್ಕೆ. ಆದರೆ ನಂಬಿ, ಆ ಸಾಲು ಬರೆಯುವಾಗ ನನ್ನ ಎದುರಿಗೆ ಇದ್ದದ್ದು ನೀವೊಬ್ಬರೇ. ಯಜಮಾನರೂ ಕವರ್ ಅಂಟಿಸುವಾಗ ಹೀಗೇ ಅಂದುಕೊಂಡಿರಬೇಕು. ನನಗೆ ಅದು ಈಗ ಅರ್ಥವಾಯಿತು.

"ಇನ್ನೊಂದು," ಎಂದಳು ಅಂಟಿನಕ್ಕ. "ಯಜಮಾನ್ರಿಗೆ 'ಬಂದರು, ಕೂತರು' ಅಂತ ಬರೀತೀರಿ. ನನಗೆ 'ಬಂದಳು, ಹೋದಳು'. ಅವರು ಎಲ್ಲರಿಗೂ ಒಂದೇ ಕೊಟ್ಟು ಸುಳ್ಳು ಹೇಳಿದ್ರು. ನೀವು ಎಲ್ಲರಿಗೂ ಒಂದೇ ಮಾತು ಹೇಳಿ ಹೆಚ್ಚುಕಮ್ಮಿ ಕೊಟ್ಟಿದ್ದೀರಿ. ಯಾರು ಮೇಲು?"

ಕ್ಷಮೆ ಕೇಳಿದೆ. ಇಲ್ಲಿಂದ ಮುಂದೆ ಎಲ್ಲರಿಗೂ ಬಹುವಚನ.

೯

ಕೊನೆ, ಒಂದು: ಅಂಟಿನಕ್ಕ ಎದುರಿನ ಕಾರ್ಖಾನೆಗೆ ಸೇರುತ್ತಾರೆ. ಅಲ್ಲಿ ಬ್ರಶ್ಶೇ ಇಲ್ಲ, ಮಷಿನ್ ಅಂಟು ಬಳಿಯುತ್ತದೆ. ಅವರು ಗುಂಡಿ ಒತ್ತುತ್ತಾ ಗಾಜಿನಾಚೆ ತಮ್ಮ ಹಳೆಯ ಷಟರ್ ನೋಡುತ್ತಾರೆ. ಒಂದು ದಿನ ಅದು ಏಳುವುದೇ ಇಲ್ಲ. ("ಇದು ಓದೋರನ್ನ ಅಳಿಸೋಕೆ ಅಂತಲೇ ಬರೆದದ್ದು" ಎಂದು ಮೇಸ್ತ್ರಿ ಕಟಿಂಗ್ ಮಷಿನ್ನಿಗೆ ಕೊಟ್ಟರು.)

ಕೊನೆ, ಎರಡು: ಸೊಸೆ ಅಂಟಿನಕ್ಕನ ಮನೆಗೆ ಓಡಿ ಹೋಗಿ, "ಅಕ್ಕ, ಸಾಫ್ಟ್‌ವೇರ್ ತಪ್ಪು. ಉಳಿದವರಿಗೆಲ್ಲ ಕಡಿಮೆಯೇ. ನಿಮಗೆ ಮಾತ್ರ..." ಎನ್ನುತ್ತಾರೆ. ಈ ಸಾಲನ್ನು ಸೊಸೆಯ ಬಾಯಿಗೆ ಮೂರು ಸಲ ಇಟ್ಟೆ. ಮೂರು ಸಲವೂ ಉಗಿದರು.

ಕೊನೆ, ಮೂರು: ಮಾವ ಎಲ್ಲರನ್ನೂ ಕೂರಿಸಿ ಭಾಷಣ ಮಾಡುತ್ತಾರೆ, ಎಲ್ಲರೂ ಅಳುತ್ತಾರೆ, ಎಲ್ಲರಿಗೂ ಐನೂರು ಜಾಸ್ತಿಯಾಗುತ್ತದೆ. ಇದನ್ನು ನಾನೇ ಹರಿದು ಟ್ರೇಗೆ ಹಾಕಿದೆ, ಖಾಲಿ ಬದಿ ಮೇಲೆ ಮಾಡಿ.

೧೦

ಬೆಳಗ್ಗೆ ಎಂಟೂವರೆಗೆ ಸೊಸೆ ಪರದೆ ಸರಿಸಿ ಬಂದರು. ರಾತ್ರಿ ಬ್ರಶ್ ತೊಳೆಯಬೇಕೆಂದು ಎರಡು ಸಲ ಎದ್ದು, ನಾನ್ಯಾಕೆ ತೊಳೆಯಲಿ ಎಂದು ಎರಡು ಸಲವೂ ಮಲಗಿದ್ದರು. ಏಳು ಕಲ್ಲುಗಳನ್ನು ನೋಡಲು ತಯಾರಾಗಿ ಬಂದವರು ನಿಂತಲ್ಲೇ ನಿಂತರು.

ಏಳು ಬ್ರಶ್ಶನ್ನೂ ಯಾರೋ ತೊಳೆದು, ಗೋಡೆಯ ಮೊಳೆಗಳಿಗೆ ಸಾಲಾಗಿ ಸಿಕ್ಕಿಸಿದ್ದರು.

ಮೇಸ್ತ್ರಿ ಬಂದರು. "ನಾನಲ್ಲ, ಬಗ್ಗೋಕೇ ಆಗಲ್ಲ ನನಗೆ" ಎಂದರು. ಪಂಚಿಂಗಣ್ಣ ಅವತ್ತು ಅರ್ಧ ಗಂಟೆ ಮುಂಚೆ ಬಾರದೆ ಸರಿಯಾದ ಹೊತ್ತಿಗೇ ಬಂದು, ಅಲ್ಲವೆಂದು ತಲೆಯಾಡಿಸಿದರು. ಹೊಸಬರು "ಆಣೆಗೂ ನಾನಲ್ಲ ಅಕ್ಕ" ಎಂದರು. ಷಟರಿನ ಬೀಗದ ಕೈ ಎಲ್ಲರ ಹತ್ತಿರವೂ ಇದೆ. ಮಾವ ಒಳಗೆ ಕಣ್ಣು ಮುಚ್ಚಿ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

(ಯಾರು ತೊಳೆದರೆಂದು ನನಗೂ ಗೊತ್ತಿಲ್ಲ. ಬೇಕಾದರೆ ಪ್ರಮಾಣ ಮಾಡುತ್ತೇನೆ. ನನ್ನ ಪ್ರಮಾಣದ ಬೆಲೆ ನಿಮಗೆ ಗೊತ್ತೇ ಇದೆ.)

ಒಂಬತ್ತಕ್ಕೆ ಐದು ನಿಮಿಷವಿರುವಾಗ ಅಂಟಿನಕ್ಕ ಬಂದರು. ಹೆಗಲಿಗೆ ಚೀಲ. "ಊಟದ ಡಬ್ಬಿ ಬಿಟ್ಟು ಹೋಗಿದ್ದೆ" ಎಂದು ಯಾರ ಮುಖವನ್ನೂ ನೋಡದೆ ಒಳಗೆ ಬಂದವರ ಕಣ್ಣು ಗೋಡೆಗೆ ಬಿತ್ತು.

"ಇದನ್ನ ಯಾರು ತೊಳೆದದ್ದು?"

ಹೊಸಬರು ಮೇಸ್ತ್ರಿಯ ಕಡೆ ನೋಡಿದರು, ಮೇಸ್ತ್ರಿ ಪಂಚಿಂಗಣ್ಣನ ಕಡೆ.

"ಕೂದಲು ಮೇಲೆ ಮಾಡಿ ಸಿಕ್ಕಿಸಿದ್ದಾರೆ. ನೀರೆಲ್ಲ ಬುಡಕ್ಕೆ ಇಳಿದು ಕೊಳೆಯುತ್ತೆ, ಅಷ್ಟೂ ಗೊತ್ತಿಲ್ವಾ?" ಒಂದು ಬ್ರಶ್ ಕಿತ್ತು, ಬುಡವನ್ನು ಉಗುರಿನಿಂದ ಕೆರೆದರು. ಒಳಗೆ ಅಂಟು ಹಾಗೇ ಇತ್ತು. ತೊಳೆಯಲು ಬಾರದವರು ಬಹಳ ಹೊತ್ತು ತೊಳೆದ ಬ್ರಶ್ ಅದು.

ಎದುರುಗಡೆ ಸೈರನ್ ಶುರುವಾಯಿತು. ಚೀಲ ಹೆಗಲಿನಿಂದ ಮೊಣಕೈಗೆ ಜಾರಿತು. ಅಂಟಿನಕ್ಕ ಅದನ್ನು ಮತ್ತೆ ಮೇಲಕ್ಕೆ ಹಾಕಿಕೊಂಡರು. ಬ್ರಶ್ ಕೆಳಗಿಡಲಿಲ್ಲ.

"ಚೀಲ ಕೆಳಗಿಟ್ಟರು." ಎರಡೇ ಪದ, ಬರೆಯಲು ನನಗೆಷ್ಟು ಹೊತ್ತು? ಆದರೆ ನಾನು ಬರೆದೆನೆಂದು ಅವರು ಇಡುವವರಲ್ಲ. ಮತ್ತೆ ನಿಮಗೆಂದು ತೆಗೆದಿಟ್ಟ ಆ ಒಳ್ಳೆಯ ಕೊನೆ? ಇದೇ. ಎಲ್ಲರಿಗೂ ಇದನ್ನೇ ಕೊಟ್ಟಿದ್ದೇನೆ. ಬೇಕಾದರೆ ಪಕ್ಕದವರ ಪುಸ್ತಕ ಇಸಿದುಕೊಂಡು ನೋಡಿ.

"ನೀರು" ಎಂದರು ಅಂಟಿನಕ್ಕ.

ಡ್ರಮ್ ಖಾಲಿ. ಅವತ್ತು ಯಾರೂ ತುಂಬಿಸಿರಲಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ಇತ್ತು. ಅದರ ಹಿಡಿಯ ಮೇಲೆ ಒಟ್ಟಿಗೇ ನಾಲ್ಕು ಕೈ ಬಿದ್ದವು. ನಾಲ್ವರೂ ಬೆಚ್ಚಿ ಕೈ ಹಿಂದಕ್ಕೆ ತೆಗೆದು ಒಬ್ಬರನ್ನೊಬ್ಬರು ನೋಡಿದರು. ಯಾಕೆ ಕೈಹಾಕಿದೆ ಎಂದು ಹೇಳಲು ಈಗ ಯಾರ ಹತ್ತಿರವೂ ಕಾರಣವಿರಲಿಲ್ಲ.

ಸೈರನ್ ಇನ್ನೂ ಕೂಗುತ್ತಿದೆ. ಬಕೆಟ್ ಅಲ್ಲೇ ಇದೆ. ಚೀಲ ಹೆಗಲ ಮೇಲೇ ಇದೆ.